ಪರೀಕ್ಷೆಯಲ್ಲಿ ಒಂದು ಗಂಟೆ ಜಾಸ್ತಿ: ಕೇಳುವುದು ಹೇಗೆ, ಯಾವಾಗ?

ನನ್ನ ಮಗಳ ಏಳನೇ ಕ್ಲಾಸಿನ ಸಮಾಜ ವಿಜ್ಞಾನದ ಉತ್ತರ ಪತ್ರಿಕೆ ಇನ್ನೂ ನನ್ನ ಹತ್ತಿರ ಇದೆ. ನಾಲ್ಕು ಪುಟ ತುಂಬಿದೆ. ಐದನೆಯದರಲ್ಲಿ ಪ್ರಶ್ನೆಯ ನಂಬರ್ ಮಾತ್ರ. ಮಯೂರವರ್ಮನ ಕಥೆ ಕೇಳಿದರೆ ಪಟಪಟ ಹೇಳುವ ಹುಡುಗಿ, ಬರೆಯಲು ಕೂತರೆ ಒಂದೊಂದು ಒತ್ತಕ್ಷರಕ್ಕೂ ನಿಂತು, ಅಳಿಸಿ, ಮತ್ತೆ ಬರೆಯುವಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು. ಸೋಮಾರಿ ಅಂದರು ಶಾಲೆಯಲ್ಲಿ. ನಾನೂ ನಂಬಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಅದು ಸೋಮಾರಿತನವಲ್ಲ, ಕಲಿಕೆಯ ತೊಂದರೆ. ಡಿಸ್‌ಲೆಕ್ಸಿಯಾ (ಓದುವ ತೊಂದರೆ), ಡಿಸ್‌ಗ್ರಾಫಿಯಾ (ಬರೆಯುವ ತೊಂದರೆ), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಂದರೆ) ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿವೆ. ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಜಾಸ್ತಿ ಸಮಯ ಕೊಡಬೇಕು, ಕೇಂದ್ರ ಸರ್ಕಾರದ ಮಾರ್ಗಸೂಚಿಯ ಲೆಕ್ಕ ಗಂಟೆಗೆ ಕನಿಷ್ಠ 20 ನಿಮಿಷ. ಅಂದರೆ 3 ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಕೇಳಲು ಸಂಕೋಚ ಬೇಡ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಕಲಿಕೆಯ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಎರಡೂ ಕಡೆ ನೋಡುತ್ತಾರೆ. ಬುದ್ಧಿಮಟ್ಟ, ಓದು, ಬರಹ, ಲೆಕ್ಕ ಎಲ್ಲ ಪರೀಕ್ಷಿಸುತ್ತಾರೆ, ಒಂದೇ ದಿನದಲ್ಲಿ ಮುಗಿಯದೆಯೂ ಇರಬಹುದು. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ ಮೊದಲೇ ಹೇಳಿ. ಹಳೆಯ ನೋಟ್‌ಬುಕ್ ಒಯ್ಯಿರಿ, ನೀಟಾಗಿರುವುದಲ್ಲ, ಗೀಚಿ ಹಾಕಿರುವುದು.

ಗಮನದ ತೊಂದರೆ, ಅಂದರೆ ಎಡಿಎಚ್‌ಡಿ, ಕಾಯ್ದೆಯ ಪಟ್ಟಿಯಲ್ಲಿ ಬೇರೆಯಾಗಿ ಹೆಸರಿಸಿಲ್ಲ. ಎಷ್ಟೋ ಮಕ್ಕಳಿಗೆ ಅದರ ಜೊತೆಗೆ ಕಲಿಕೆಯ ತೊಂದರೆಯೂ ಇರುತ್ತದೆ, ಹಾಗಾಗಿ ಎರಡನ್ನೂ ನೋಡಿ ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಸರ್ಕಾರಿ ಸರ್ಟಿಫಿಕೇಟ್, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಕೇಂದ್ರ ಸರ್ಕಾರದ ಸ್ವಾವಲಂಬನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಬಹಳ ಜನ ಎಡವುವುದು ಇಲ್ಲೇ. ಚಿಕ್ಕಂದಿನಲ್ಲಿ ಕೊಟ್ಟ ಸರ್ಟಿಫಿಕೇಟ್ ಕೊನೇ ತನಕ ನಡೆಯುವುದಿಲ್ಲ. 2018ರ ಮಾರ್ಗಸೂಚಿಯಲ್ಲಿ 14ನೇ ವಯಸ್ಸಿಗೆ, 18ನೇ ವಯಸ್ಸಿಗೆ ಮತ್ತೆ ಮಾಡಿಸಬೇಕು ಅಂತಲೇ ಇತ್ತು. ಹತ್ತು ವರ್ಷದವಳಿದ್ದಾಗ ಮಾಡಿಸಿದ್ದನ್ನು ಎಸ್ಸೆಸ್ಸೆಲ್ಸಿಗೆ ಹಿಡಿದುಕೊಂಡು ಹೋದರೆ ಕಷ್ಟ ಅಲ್ವಾ? ಎಂಟನೇ ಕ್ಲಾಸಿನಲ್ಲೇ ತಾರೀಖು ನೋಡಿಬಿಡಿ.

ಮುಖ್ಯ ಶಿಕ್ಷಕರ ಮೂಲಕ ಜಾಸ್ತಿ ಸಮಯದ ಅರ್ಜಿ ಕೊಡುವುದು ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ. ಬಾಯಿಮಾತು ಬೇಡ, ಸ್ವೀಕೃತಿ ಪಡೆಯಿರಿ. ಪರೀಕ್ಷೆಗೆ ಮುಂಚೆ ಪರೀಕ್ಷಾ ಕೇಂದ್ರಕ್ಕೇ ಹೋಗಿ, ಜಾಸ್ತಿ ಸಮಯ ಕೊಟ್ಟ ಆದೇಶದ ಪ್ರತಿ ತೋರಿಸಿ. 2021ರ ನೀಟ್‌ನಲ್ಲಿ ಡಿಸ್‌ಗ್ರಾಫಿಯಾ ಇದ್ದ ಹುಡುಗಿಗೆ ಜಾಸ್ತಿ ಸಮಯ ಕೊಡದೆ ಉತ್ತರ ಪತ್ರಿಕೆ ತೆಗೆದುಕೊಂಡುಬಿಟ್ಟರು. ಅದು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳಿತು, ಆದರೆ ಮರುಪರೀಕ್ಷೆ ಸಿಗಲಿಲ್ಲ. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಕೊಠಡಿಯಲ್ಲಿ ನಿಂತಿರುವವರಿಗೂ ಗೊತ್ತಿರಬೇಕು.

ಇನ್ನು ಅಭ್ಯಾಸ. ಗಮನ ನಿಲ್ಲದ ಮಗುವಿಗೆ ನಾಲ್ಕು ಗಂಟೆ ಸುಮ್ನೆ ಕೂರುವುದೇ ಶಿಕ್ಷೆ. ನಾವು ಭಾನುವಾರ ಹಳೆಯ ಪ್ರಶ್ನೆಪತ್ರಿಕೆ ಇಟ್ಟು, ಮುಳ್ಳಿನ ಗಡಿಯಾರ ಎದುರಿಗಿಟ್ಟು ಬರೆಸುತ್ತಿದ್ದೆವು. ಮೊದಲ ಸಲ ಎರಡೂವರೆ ಗಂಟೆ ಕೂತು ಎದ್ದುಬಿಟ್ಟಳು. ಆಮೇಲೆ ಅವಳೇ ಒಂದು ದಾರಿ ಹುಡುಕಿಕೊಂಡಳು. ಗೊತ್ತಿರುವುದನ್ನು ಮೊದಲು ಬರೆದು, ಪೆನ್ನು ಕೆಳಗಿಟ್ಟು, ನೀರು ಕುಡಿದು, ಬೆರಳು ಮಡಚಿ ಬಿಚ್ಚಿ, ಉಳಿದದ್ದಕ್ಕೆ ಕೈ ಹಾಕುವುದು.

ಆ ದಿನ ತಿಂಡಿ ಗಟ್ಟಿಯಾಗಿ ಕೊಡಿ. ಹತ್ತಕ್ಕೆ ಶುರುವಾಗಿದ್ದು ಎರಡು ದಾಟುತ್ತದೆ. ಉಳಿದ ಮಕ್ಕಳೆಲ್ಲ ಗಲಾಟೆ ಮಾಡುತ್ತಾ ಹೊರಗೆ ಬರುವಾಗ ನಿಮ್ಮ ಮಗು ಒಳಗೆ ಬರೆಯುತ್ತಿರುತ್ತದೆ. ನೀವು ಗೇಟಿನ ಹತ್ತಿರವೇ ಇರಿ, ಊಟದ ಡಬ್ಬಿ ಹಿಡಿದುಕೊಂಡು.