ಅಟ್ಟದ ಗೋಣಿಚೀಲದಲ್ಲಿದ್ದ ಎಸ್‌ಯು ಕಾರ್ಬುರೇಟರ್

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಶೆಡ್ಡಿನಲ್ಲಿ ಅಪ್ಪನ 1970ರ ಅಂಬಾಸಿಡರ್ ಮಾರ್ಕ್ 2 ಹನ್ನೊಂದು ಮಳೆಗಾಲ ಕಳೆದಿತ್ತು. ಮತ್ತೆ ಓಡಿಸಬೇಕೆಂದು ಬಾನೆಟ್ ಎತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿಗೆ ಬಿಗಿದಿದ್ದ ಒಂದು ಬಾಗಿದ ಕೊಳವೆ. ಅದರ ಬೆಸುಗೆ ಒರಟಾಗಿತ್ತು, ಅಂಚಿನಲ್ಲಿ ಗರಗಸದ ಗೆರೆಗಳಿದ್ದವು. ಕಾರ್ಖಾನೆಯಿಂದ ಬಂದ ಭಾಗ ಹಾಗಿರುವುದಿಲ್ಲ. ಯಾರೋ ಹಿಂದೆ, ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕಳಿಸುವ ಎಸ್‌ಯು ಕಂಪನಿಯ ಕಾರ್ಬುರೇಟರ್ ತೆಗೆದು, ಬೇರೆ ಗಾಡಿಯ ಸೋಲೆಕ್ಸ್ ಕಾರ್ಬುರೇಟರ್ ಕೂರಿಸಲು ಅದನ್ನು ಮಾಡಿಸಿದ್ದರು.

ಹುಬ್ಬಳ್ಳಿಯ ಒಂದು ಗುಜರಿಯಲ್ಲಿ ಎಸ್‌ಯು ಸಿಕ್ಕಿತು. ಬಾಡಿಯ ಮೇಲೆ ‘ಎಯುಸಿ’ ಎಂಬ ಉಬ್ಬು ಅಕ್ಷರ, ಪಕ್ಕದಲ್ಲಿ ಸಂಖ್ಯೆ. ಅಂಗಡಿಯವರು ಅದನ್ನೇ ತೋರಿಸಿ, “ನೋಡಿ ಸಾರ್, ಅಂಬಾಸಿಡರಿನದೇ” ಎಂದರು. ನಂಬಿ ದುಡ್ಡು ಕೊಟ್ಟೆ. ಆದರೆ ಆ ಸಂಖ್ಯೆ ಎರಕದ ತುಂಡಿಗೆ ಸೇರಿದ್ದು; ಒಂದೇ ಎರಕ ಹಲವು ಕಾರುಗಳ ಕಾರ್ಬುರೇಟರಿಗೆ ಬಳಕೆಯಾಗುತ್ತಿತ್ತು. ಯಾವ ಗಾಡಿಗಾಗಿ ತಯಾರಾದದ್ದು ಎಂದು ತಿಳಿಸುವುದು ಗುಮ್ಮಟದಂಥ ಸಕ್ಷನ್ ಚೇಂಬರಿನ ಸ್ಕ್ರೂ ಕೆಳಗೆ ಸಿಕ್ಕಿಸಿದ ಚಿಕ್ಕ ಅಲ್ಯುಮಿನಿಯಂ ಬಿಲ್ಲೆ. ಒಮ್ಮೆ ಬಿಚ್ಚಿದವರು ಅದನ್ನು ತಿರುಗಿ ಹಾಕುವುದೇ ಅಪರೂಪ. ಇದರಲ್ಲೂ ಇರಲಿಲ್ಲ.

ಆ ವಾರವೇ ಅಮ್ಮ, “ನಿನ್ನ ಅಪ್ಪ ಗಾಡಿಯ ಸಾಮಾನು ಎಸೆದವರಲ್ಲ. ಅಟ್ಟ ಹತ್ತಿ ನೋಡು” ಎಂದಳು. ಗೋಣಿಚೀಲದೊಳಗೆ ಇನ್ನೊಂದು ಎಸ್‌ಯು ಇತ್ತು! ಉಪ್ಪುಗಾಳಿಗೆ ಮೈತುಂಬ ಬಿಳಿ ಹುಡಿ ಎದ್ದು, ಬೆರಳು ತಾಗಿದರೆ ಉದುರುತ್ತಿತ್ತು. ನೋಡಲು ಗುಜರಿಯದೇ ಚೆಂದ.

ಎರಡೂ ಎಚ್‌ಎಸ್2 ಮಾದರಿಯವು. ಎಚ್‌ಎಸ್ ಮಾದರಿಗಳ ಹೆಸರಿನ ಕೊನೆಯ ಅಂಕಿ, ಬಾಯಿಯ ಅಳತೆ ಒಂದು ಇಂಚಿನ ಮೇಲೆ ಎಷ್ಟು ಎಂಟನೆಯ ಭಾಗ ಎಂಬುದನ್ನು ಹೇಳುತ್ತದೆ. 2 ಎಂದರೆ ಒಂದೂಕಾಲು ಇಂಚು. ಹಾಗಾಗಿ ಯಾವುದು ಈ ಗಾಡಿಯದು ಎಂದು ಅಳತೆಯಿಂದ ತೀರ್ಮಾನವಾಗಲಿಲ್ಲ. ತೀರ್ಮಾನಿಸಿದ್ದು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಿಂದ ಬರುವ ಸಪೂರ ವ್ಯಾಕ್ಯೂಮ್ ಕೊಳವೆ. ಸೋಲೆಕ್ಸ್ ಹಾಕಿದವರು ಅದನ್ನು ಬಗ್ಗಿಸದೆ ಪಕ್ಕಕ್ಕೆ ಕಟ್ಟಿಬಿಟ್ಟಿದ್ದರು. ಅಟ್ಟದ ಕಾರ್ಬುರೇಟರನ್ನು ಸ್ಟಡ್‌ಗಳ ಮೇಲೆ ಕೂರಿಸಿ ಕಟ್ಟು ಬಿಚ್ಚಿದೆ. ಕೊಳವೆಯ ತುದಿ ನೇರವಾಗಿ, ಅದನ್ನು ಸಿಕ್ಕಿಸುವ ಚಿಕ್ಕ ಮೂತಿಯ ಮೇಲೆಯೇ ಬಂದು ನಿಂತಿತು. ಗುಜರಿಯದರಲ್ಲಿ ಆ ಮೂತಿ ಬಾಡಿಯ ಬೇರೆ ಮಗ್ಗುಲಲ್ಲಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಳೆಯ ಗಾಡಿ ಬಿಚ್ಚುವವರು ಇಂಥ ಕೊಳವೆ, ಸರಳು, ಲಿವರ್‌ಗಳನ್ನು ದಯವಿಟ್ಟು ಎಸೆಯಬೇಡಿ, ನೆಟ್ಟಗೆ ಮಾಡಲೂ ಹೋಗಬೇಡಿ.

ಇನ್ನೊಂದು ಪರೀಕ್ಷೆ ಸಕ್ಷನ್ ಚೇಂಬರ್ ಮತ್ತು ಅದರೊಳಗೆ ಮೇಲೆ ಕೆಳಗೆ ಜಾರುವ ಪಿಸ್ಟನ್ನಿನದು. ಇವೆರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಹೊಂದಿಸುತ್ತಿದ್ದರು, ಒಂದರದು ಇನ್ನೊಂದಕ್ಕೆ ಹಾಕುವಂತಿಲ್ಲ. ಒಳಗಿನ ಸ್ಪ್ರಿಂಗ್ ತೆಗೆದು, ಪಿಸ್ಟನ್ನಿನ ತೂತುಗಳನ್ನು ಮೆತ್ತನೆಯ ಮಣ್ಣಿನಿಂದ ಮುಚ್ಚಿ, ಜೋಡಿಯನ್ನು ತಲೆಕೆಳಗು ಮಾಡಿ ಪಿಸ್ಟನ್ ಹಿಡಿದುಕೊಂಡರೆ ಚೇಂಬರು ತನ್ನ ಭಾರಕ್ಕೆ ಮೆಲ್ಲಗೆ ಇಳಿಯಬೇಕು. ಈ ಅಳತೆಯದಕ್ಕೆ 3ರಿಂದ 5 ಸೆಕೆಂಡು. ಕೆಳಗೆ ಹಾಸಿಗೆ ಇಟ್ಟುಕೊಂಡು ಮಾಡಿದೆ. ಅಟ್ಟದ್ದು 4 ಸೆಕೆಂಡು ತೆಗೆದುಕೊಂಡಿತು. ಗುಜರಿಯದು ಒಂದು ಎನ್ನುವುದರೊಳಗೆ ಹಾಸಿಗೆ ಮೇಲಿತ್ತು. ಅದರ ಗುಮ್ಮಟ, ಪಿಸ್ಟನ್ ಎರಡೂ ಬೇರೆ ಬೇರೆ ಮನೆಯವು.

ಶುಚಿ ಮಾಡಲು ಸೀಮೆಎಣ್ಣೆ ಮತ್ತು ಹಲ್ಲುಜ್ಜುವ ಬ್ರಷ್ ಸಾಕು. ಚೇಂಬರಿನ ಒಳಮೈಗೆ ಉಪ್ಪುಕಾಗದ ಮುಟ್ಟಿಸಿದರೆ ಆ ಜೋಡಿ ಹೋದಂತೆಯೇ. ಸ್ಪ್ರಿಂಗಿನ ತುದಿಯಲ್ಲಿ ಕೆಂಪು ಬಣ್ಣ ಉಳಿದಿತ್ತು, ಅಂದರೆ ನಾಲ್ಕೂವರೆ ಔನ್ಸ್ ಬಲದ್ದು. ಪೆಟ್ರೋಲು ಬರುವ ರಂಧ್ರವಾದ ಜೆಟ್ಟಿನೊಳಗೆ ಇಳಿಯುವ ಸೂಜಿಯ ಬುಡದಲ್ಲಿ ಕೊರೆದ ಅಕ್ಷರಗಳು ಭೂತಗನ್ನಡಿಯಲ್ಲಿ ಕಂಡವು. ಆದರೆ ಸೂಜಿ ಒಂದು ಮಗ್ಗುಲಿಗೆ ಸವೆದು ಹೊಳೆಯುತ್ತಿತ್ತು. ಅದೇ ಅಕ್ಷರದ ಹೊಸ ಸೂಜಿಯನ್ನೂ 0.090 ಇಂಚಿನ ಹೊಸ ಜೆಟ್ಟನ್ನೂ ತರಿಸಿ ಹಾಕಿದೆ. ಅಸಲಿ ಬೇಕೆಂಬ ಹಟಕ್ಕೆ ಸವೆದದ್ದನ್ನು ಉಳಿಸಿದರೆ ಪೆಟ್ರೋಲು ಸುಮ್ಮನೆ ಪೋಲಾಗುತ್ತದೆ. ಹಳೆಯ ಸೂಜಿಯನ್ನು ದಿನಾಂಕ ಬರೆದು ಡಬ್ಬಿಯಲ್ಲಿಟ್ಟಿದ್ದೇನೆ.

ಬಿಲ್ಲೆ ಮಾತ್ರ ಸಿಕ್ಕಿಲ್ಲ. ಬೇಕಾದ ಸಂಖ್ಯೆ ಒತ್ತಿದ ಹೊಸ ಬಿಲ್ಲೆಗಳು ಮಾರಾಟಕ್ಕಿವೆ. ನಾನು ಕೊಳ್ಳಲಿಲ್ಲ, ಆ ಸ್ಕ್ರೂ ಕೆಳಗೆ ಜಾಗ ಖಾಲಿ ಬಿಟ್ಟಿದ್ದೇನೆ. ಗೋಣಿಚೀಲದ ಹುಡಿಯನ್ನು ಜರಡಿಯಲ್ಲಿ ಸೋಸಿ ನೋಡಿದೆ, ಇರಲಿಲ್ಲ. ಅಟ್ಟದಲ್ಲಿ ಬಿಚ್ಚದ ಚೀಲ ಇನ್ನೂ ಎರಡಿವೆ.