ಹಣಕಾಸಿನ ಪವರ್ ಆಫ್ ಅಟಾರ್ನಿ: ಸಹಿ ಹಾಕುವ ಮುನ್ನ

ತನ್ನ ಪರವಾಗಿ ಹಣಕಾಸು ನೋಡಿಕೊಳ್ಳಲು ತಾಯಿ ಮಗಳಿಗೆ ಅಧಿಕಾರ ಕೊಟ್ಟ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಮೇಜಿನ ಮೇಲಿತ್ತು. ಬ್ಯಾಂಕಿನ ಅಧಿಕಾರಿ ಕೊನೆಯ ಪುಟದ ನೋಟರಿ ಮುದ್ರೆ ನೋಡಿ ತಲೆಯಾಡಿಸಿದರು. ಪುಟ ತಿರುವುತ್ತಾ ಬಂದ ಬೆರಳು ಎರಡನೇ ಹಾಳೆಯಲ್ಲಿ ನಿಂತಿತು. ಅಲ್ಲಿ ತಾಯಿಯ ಸಹಿ ಇರಲಿಲ್ಲ. ಮಂಡಿನೋವಿನ ಆ ಹಿರಿಯರನ್ನು ಮಗಳು ಮತ್ತೆ ಆಟೋ ಹತ್ತಿಸಬೇಕಾಯಿತು. ನಮ್ಮ ಪಕ್ಕದ ಮನೆಯವರು ಪಟ್ಟ ಈ ಪಾಡು ಬೇರೆಯವರಿಗೆ ಬರಬಾರದು.

ಒಂದೇ ಖಾತೆಯಿಂದ ಹಣ ತೆಗೆಯುವುದಷ್ಟೇ ಕೆಲಸವಾದರೆ ಬ್ಯಾಂಕಿನ ಮ್ಯಾಂಡೇಟ್ ಪತ್ರ (ಖಾತೆ ನಡೆಸಲು ಇನ್ನೊಬ್ಬರಿಗೆ ಒಪ್ಪಿಗೆಯಿದೆ ಎಂದು ಬ್ಯಾಂಕಿಗೆ ಕೊಡುವ ಪತ್ರ) ಸಾಕಾಗಬಹುದು, ಮೊದಲು ಅದನ್ನು ವಿಚಾರಿಸಿ. ಅದು ಸಾಲದಿದ್ದರೆ ಪವರ್ ಆಫ್ ಅಟಾರ್ನಿ ಬರೆಸಿ. ಅದರಲ್ಲಿ 'ನನ್ನ ಸಮಸ್ತ ವ್ಯವಹಾರ' ಎಂಬ ಒಂದೇ ಸಾಲು ಬೇಡ. ಖಾತೆ ಸಂಖ್ಯೆ, ಪಿಂಚಣಿ, ಠೇವಣಿ ನವೀಕರಣ, ತೆರಿಗೆ ರಿಟರ್ನ್ ಎಂದು ಬಿಡಿಬಿಡಿಯಾಗಿ ನಮೂದಿಸಿ. ಸಾಲ ಪಡೆಯುವ ಅಧಿಕಾರ ಕೊಡುವುದಿಲ್ಲವೆಂದಾದರೆ ಅದನ್ನೂ ಬರೆಸಿ. ಛಾಪಾ ಕಾಗದದ ಮೊತ್ತ ಅಧಿಕಾರದ ಸ್ವರೂಪದ ಮೇಲೆ ನಿಂತಿದೆ. ಬರೆಸುವ ದಿನದ ದರ ಕೇಳಿಯೇ ಕೊಳ್ಳಿ.

ಮುಖ್ಯವಾದ ಹೆಜ್ಜೆ ಸಹಿಯದು. ಮನೆಯಲ್ಲೇ ಸಹಿ ಹಾಕಿ, ಮುದ್ರೆಗೆ ಮಾತ್ರ ಕಾಗದ ಕಳಿಸುವ ಅಭ್ಯಾಸ ಬಹಳ ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ನೋಟರಿಯ ಎದುರೇ ಬರೆದುಕೊಟ್ಟು ಅವರು ದೃಢೀಕರಿಸಿದ ಪತ್ರವನ್ನು ನ್ಯಾಯಾಲಯ ಸಾಚಾ ಎಂದು ಭಾವಿಸಿಕೊಳ್ಳುತ್ತದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಮೂಲ ಗುರುತಿನ ಚೀಟಿ ಒಯ್ಯಿರಿ. ಪ್ರತಿ ಪುಟಕ್ಕೂ, ಕಾಟು ಹಾಕಿ ತಿದ್ದಿದ ಪ್ರತಿ ಜಾಗಕ್ಕೂ ಸಹಿ ಬೀಳಲಿ. ಇಬ್ಬರು ಸಾಕ್ಷಿಗಳಿದ್ದರೆ ಒಳ್ಳೆಯದು. ನೋಟರಿಯ ವಹಿಯಲ್ಲೂ ಸಹಿ ಮಾಡಿ, ಅಲ್ಲಿನ ಕ್ರಮಸಂಖ್ಯೆ ಪತ್ರದ ಮೇಲೆ ಬಂದಿದೆಯೇ ನೋಡಿಕೊಳ್ಳಿ. ಹೆಬ್ಬೆಟ್ಟು ಒತ್ತುವವರಿಗೆ ಪತ್ರವನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಹಾಗೆ ಹೇಳಿದ್ದನ್ನೂ ಅದರಲ್ಲೇ ಬರೆಸಬೇಕು.

ಮನೆ, ಜಮೀನಿನ ಪತ್ರವನ್ನು ನೋಂದಣಿಗೆ ಹಾಜರುಪಡಿಸುವ ಅಧಿಕಾರ ಕೊಡುವುದಾದರೆ ನೋಟರಿ ಮುದ್ರೆ ಸಾಲದು. 1908ರ ನೋಂದಣಿ ಕಾಯ್ದೆಯ 33ನೇ ಕಲಮಿನ ಪ್ರಕಾರ ಉಪನೋಂದಣಾಧಿಕಾರಿಯ ಎದುರು ಬರೆದುಕೊಟ್ಟು ಅವರಿಂದಲೇ ದೃಢೀಕರಣ ಪಡೆಯಬೇಕು. ಕಾಯಿಲೆಯಿಂದ ಕಚೇರಿಗೆ ಹೋಗಲಾಗದವರು ಖುದ್ದು ಹಾಜರಾಗಬೇಕಿಲ್ಲ. ಅಧಿಕಾರಿಯೇ ಮನೆಗೆ ಬಂದು ವಿಚಾರಿಸಲು ಅವಕಾಶವಿದೆ.

ವಿದೇಶದಲ್ಲಿರುವವರು ಭಾರತೀಯ ದೂತಾವಾಸದಲ್ಲಿ ಅಥವಾ ಅಲ್ಲಿನ ನೋಟರಿ ಎದುರು ಸಹಿ ಮಾಡಬಹುದು. ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಇಷ್ಟೆಲ್ಲ ಮಾಡಿದರೂ, ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ಥಿಮಿತ ತಪ್ಪಿದರೆ ಸಾಮಾನ್ಯವಾಗಿ ಅಧಿಕಾರ ಅಲ್ಲಿಗೇ ಮುಗಿಯಿತು. 1872ರ ಕರಾರು ಕಾಯ್ದೆ ಹೇಳುವುದು ಇದನ್ನೇ. ಮರೆವಿನ ಕಾಯಿಲೆ ಬಲಿತ ಮೇಲೆ ಅಮ್ಮನ ಕೈ ಹಿಡಿದು ಸಹಿ ಹಾಕಿಸಿದರೆ ಆ ಕಾಗದಕ್ಕೆ ಬೆಲೆಯಿಲ್ಲ. ಆಗ ಅವರ ವ್ಯವಹಾರ ನೋಡಿಕೊಳ್ಳುವ ಪೋಷಕರನ್ನು (ಗಾರ್ಡಿಯನ್) ನ್ಯಾಯಾಲಯದಿಂದ ನೇಮಿಸಿಕೊಳ್ಳಲು ಓಡಾಡಬೇಕಾಗುತ್ತದೆ. ಆದ್ದರಿಂದ ಅವರು ಗೆಲುವಾಗಿರುವಾಗಲೇ ಕೂರಿಸಿ ಮಾತನಾಡಿ. ನೋಟರಿ ಕೇಳುವ ಪ್ರಶ್ನೆಗೆ ಅವರೇ ಉತ್ತರಿಸಲಿ. ಮನಸ್ಸು ಬದಲಾದರೆ ರದ್ದುಪಡಿಸುವ ಪತ್ರವನ್ನು ಅಧಿಕಾರ ಪಡೆದವರಿಗೂ ಬ್ಯಾಂಕಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು ಎಂಬುದನ್ನೂ ಅವರಿಗೆ ತಿಳಿಸಿಡಿ.