ಮಲೆನಾಡಿನ ತೇವ ಮತ್ತು ಕೀ ಕೊಡುವ ಎಚ್‌ಎಂಟಿ

ಚಿಕ್ಕಮಗಳೂರಿನಲ್ಲಿ ನನ್ನ ಮೇಜಿಗೆ ಬರುವ ಕೀ ಕೊಡುವ ವಾಚುಗಳಲ್ಲಿ ಹೆಚ್ಚಿನವು ಎಚ್‌ಎಂಟಿಯವೇ: ಜನತಾ, ಪೈಲಟ್, ಸೋನಾ. ಹಿಂಬದಿಯ ಮುಚ್ಚಳ ಬಿಚ್ಚಿದ ಕೂಡಲೇ ನಾನು ಮೊದಲು ನೋಡುವುದು ಸ್ಟೆಮ್ (ಕ್ರೌನ್ ಎಂಬ ಕೀ ತಿರುಪಿನ ಕಡ್ಡಿ) ಒಳಗೆ ಹೋಗುವ ಜಾಗವನ್ನು. ಕ್ರೌನಿನ ವಾಷರ್ ಸವೆದಿದ್ದರೆ ತೇವ ನುಗ್ಗುವುದು ಅಲ್ಲಿಂದ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ವಾಚುಗಳಲ್ಲಿ ಆ ಜಾಗದಲ್ಲಿ ಕೆಂಪು ತುಕ್ಕಿನ ಪುಡಿ ಕಾಣುತ್ತದೆ. ಆ ಪುಡಿ ಹಳೆಯ ಎಣ್ಣೆಗೆ ಸೇರಿತೆಂದರೆ ಚಕ್ರಗಳ ಅಚ್ಚಿನ ತುದಿಗಳಾದ ಪಿವಟ್‌ಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಇಂಥ ವಾಚಿಗೆ ಮೇಲಿಂದ ಎರಡು ಹನಿ ಎಣ್ಣೆ ಬಿಟ್ಟು ಕೊಡುವುದು ಸರ್ವಿಸ್ ಅಲ್ಲ, ಹಾಳು ಮಾಡುವ ದಾರಿ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರು ಮಾಡಿತು. ಈ ವಾಚುಗಳಲ್ಲಿ ಸಾಮಾನ್ಯವಾಗಿ ಸಿಗುವ 0231 ಮೂವ್‌ಮೆಂಟ್ (ಒಳಗಿನ ಯಂತ್ರ) 17 ಜ್ಯುವೆಲ್‌ನದು (ಸವೆತ ತಡೆಯುವ ಕಲ್ಲುಗಳು), ಗಂಟೆಗೆ 18,000 ಬೀಟ್, ಅಂದರೆ ಸೆಕೆಂಡಿಗೆ ಐದು ಟಿಕ್. ಗಟ್ಟಿ ಯಂತ್ರ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಬಿಚ್ಚುವ ಮೊದಲು ಕೀ ಇಳಿಸಬೇಕು. ಕ್ರೌನನ್ನು ಬೆರಳಲ್ಲಿ ಹಿಡಿದು, ಕ್ಲಿಕ್ (ಕೀ ಹಿಂದಕ್ಕೆ ಬಿಚ್ಚದಂತೆ ತಡೆಯುವ ಕೊಂಡಿ) ಹಿಂದೆ ಸರಿಸಿ, ಮೇನ್ ಸ್ಪ್ರಿಂಗ್ ನಿಧಾನ ಬಿಚ್ಚಿಕೊಳ್ಳಲು ಬಿಡಿ. ಸ್ಪ್ರಿಂಗ್‌ನಲ್ಲಿ ಬಲ ಇರುವಾಗ ಪ್ಯಾಲೆಟ್ (ಚಕ್ರಗಳನ್ನು ಒಂದೊಂದು ಹಲ್ಲಿನಷ್ಟೇ ಬಿಡುವ ಕವೆ) ತೆಗೆದರೆ ಚಕ್ರಗಳು ಸರ್ರನೆ ತಿರುಗಿ ಹಲ್ಲು, ಪಿವಟ್ ಮುರಿಯುತ್ತವೆ. ಸ್ಟೆಮ್ ತೆಗೆಯಲು ಸ್ಕ್ರೂ ಇರುವ ಕಡೆ ಒಂದೆರಡು ಸುತ್ತಷ್ಟೇ ಸಡಿಲಿಸಿ. ಪೂರ್ತಿ ಬಿಚ್ಚಿದರೆ ಡಯಲ್ ಕೆಳಗೆ ಸ್ಟೆಮ್ ಹಿಡಿದಿಡುವ ಸೆಟ್ಟಿಂಗ್ ಲಿವರ್ ಜಾರುತ್ತದೆ, ಮುಳ್ಳು ಡಯಲ್ ಎಲ್ಲ ಬಿಚ್ಚಬೇಕಾಗುತ್ತದೆ. ಕ್ರೌನ್ ವೀಲಿನ ಸ್ಕ್ರೂ ಕೆಲವು ಮೂವ್‌ಮೆಂಟ್‌ಗಳಲ್ಲಿ ಉಲ್ಟಾ ಥ್ರೆಡ್ಡಿನದು. ಬಿಗಿ ಅನ್ನಿಸಿದರೆ ಬಲ ಹಾಕದೆ ಆಚೆ ತಿರುಗಿಸಿ ನೋಡಿ.

ತೊಳೆಯಲು ಮೂರು ಗಾಜಿನ ಡಬ್ಬಿ, ಒಂದೊಂದರಲ್ಲಿ 50 ಮಿಲಿ ವೈಟ್ ಪೆಟ್ರೋಲ್. ಮೊದಲನೆಯದರಲ್ಲಿ ಕೊಳೆ, ಎರಡನೆಯದರಲ್ಲಿ ಬ್ರಷ್, ಮೂರನೆಯದು ಕೊನೆಯ ಮುಳುಗು. ಮಳೆಗಾಲವೆಂದು ಕಿಟಕಿ ಮುಚ್ಚಬೇಡಿ, ಹತ್ತಿರ ಉರಿಯಂತೂ ಇರಲೇಬಾರದು. ಜ್ಯುವೆಲ್ ರಂಧ್ರಗಳಿಗೆ ಚೂಪು ಮಾಡಿದ ಮರದ ಕಡ್ಡಿ ತೂರಿಸಿ ತಿರುಗಿಸಬೇಕು, ಕಡ್ಡಿ ಬೆಳ್ಳಗೆ ಹೊರಬರುವ ತನಕ. ಇಲ್ಲಿ ಆತುರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಪ್ಯಾಲೆಟನ್ನು ಮತ್ತು ಬ್ಯಾಲೆನ್ಸಿನ (ಅತ್ತಿತ್ತ ತೂಗುವ ಚಕ್ರದ) ರೋಲರನ್ನು ಸ್ಪಿರಿಟ್‌ನಲ್ಲಿ ಮುಳುಗಿಸಬಾರದು. ಅವುಗಳ ಕೆಂಪು ಕಲ್ಲುಗಳು ಅಂಟಿಕೊಂಡಿರುವುದು ಅರಗಿನಿಂದ, ಸ್ಪಿರಿಟ್‌ಗೆ ಅರಗು ಕರಗುತ್ತದೆ.

ಮೇನ್ ಸ್ಪ್ರಿಂಗ್ ತನ್ನ ಡಬ್ಬಿಯಾದ ಬ್ಯಾರಲ್‌ನಿಂದ ಹೊರಬಂದ ಮೇಲೆ ಅಗಲಕ್ಕೆ ಬಿಚ್ಚಿಕೊಳ್ಳಬೇಕು. ಚಕ್ಕುಲಿಯಂತೆ ಸುತ್ತಿಕೊಂಡೇ ಕೂತರೆ ಅದರ ಬಲ ಮುಗಿದಿದೆ, ಬದಲಾಯಿಸಿ. ಕೈಯಲ್ಲಿ ತುರುಕಿದರೆ ಅದು ಒಂದು ಬದಿಗೆ ಬಾಗಿ ಬ್ಯಾರಲ್ ಮುಚ್ಚಳಕ್ಕೆ ಉಜ್ಜುತ್ತದೆ. ಸುತ್ತಿ ತುಂಬುವ ಸಾಧನವಾದ ವೈಂಡರ್ ಬಳಸುವುದೇ ಸರಿ.

ಜೋಡಿಸುವಾಗ ಪ್ಯಾಲೆಟ್ ಕೂರಿಸುವ ಮುಂಚೆ ಒಂದು ಪರೀಕ್ಷೆ. ಕ್ರೌನಿಗೆ ಎರಡೇ ಕ್ಲಿಕ್ ಕೀ ಕೊಡಿ. ಚಕ್ರಗಳು ಸರಾಗ ತಿರುಗಿ, ನಿಲ್ಲುವ ಹೊತ್ತಿಗೆ ಕೊನೆಯ ಚಕ್ರವಾದ ಎಸ್ಕೇಪ್ ವೀಲ್ ಒಂದಿಷ್ಟು ಹಿಂದಕ್ಕೆ ತಿರುಗಿದರೆ ಚಕ್ರಗಳ ಸಾಲು ಸ್ವಚ್ಛ. ಧುತ್ತೆಂದು ನಿಂತರೆ ಎಲ್ಲೋ ಕೊಳೆ ಉಳಿದಿದೆ, ಅಥವಾ ಬಾಗಿದ ಪಿವಟ್ ಇದೆ. ಮುಂದೆ ಹೋಗಬೇಡಿ.

ಎಣ್ಣೆ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಹೆಚ್ಚು ಎಣ್ಣೆ ಕಡಿಮೆ ಎಣ್ಣೆಗಿಂತ ಕೆಟ್ಟದ್ದು. ತುಂಬಿದ ಹನಿ ಜ್ಯುವೆಲ್‌ನಲ್ಲಿ ನಿಲ್ಲದೆ ಲೋಹದ ಮೇಲೆ ಹರಿದು ಹೋಗುತ್ತದೆ, ಪಿವಟ್ ಒಣಗಿ ಉಳಿಯುತ್ತದೆ. ಜ್ಯುವೆಲ್‌ನ ಬಟ್ಟಲು ಮೂರರಲ್ಲಿ ಎರಡು ಪಾಲು ತುಂಬಿದರೆ ಸಾಕು. ವೇಗದ ಚಕ್ರಗಳಿಗೆ ಮತ್ತು ಬ್ಯಾಲೆನ್ಸ್‌ಗೆ ಮೋಬಿಯಸ್ ಕಂಪನಿಯ 9010 ಎಣ್ಣೆ, ಮಧ್ಯದ ಚಕ್ರ ಮತ್ತು ಬ್ಯಾರಲ್ ಅಚ್ಚಿಗೆ ಡಿ5 ಅಥವಾ ಎಚ್‌ಪಿ 1300, ಪ್ಯಾಲೆಟ್ ಕಲ್ಲಿನ ಮುಖಕ್ಕೆ 9415. ಸ್ಟೆಮ್ ಮತ್ತು ಅದರ ಮೇಲೆ ಜಾರುವ ಕ್ಲಚ್‌ಗೆ ಗ್ರೀಸ್. ಪ್ಯಾಲೆಟ್‌ನ ಪಿವಟ್‌ಗೆ ಎಣ್ಣೆ ಬೇಡ, ಚಕ್ರದ ಹಲ್ಲಿಗಂತೂ ಬೇಡವೇ ಬೇಡ.

ಮೊಬೈಲ್ ಟೈಮಿಂಗ್ ಆ್ಯಪ್‌ನಲ್ಲಿ ಪೂರ್ತಿ ಕೀ ಕೊಟ್ಟು ಡಯಲ್ ಮೇಲಾಗಿಟ್ಟಾಗ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ತೂಗುವ ಕೋನ) 250 ಡಿಗ್ರಿ ದಾಟಬೇಕು, 24 ಗಂಟೆ ನಂತರವೂ 200ರ ಕೆಳಗಿಳಿಯಬಾರದು. ದಿನಕ್ಕೆ ನಿಮಿಷಗಟ್ಟಲೆ ಮುಂದೋಡಿದರೆ ಬ್ಯಾಲೆನ್ಸಿನ ನವಿರು ಹೇರ್‌ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟಿವೆ: ಎಣ್ಣೆ ಬಿದ್ದಿರಬೇಕು ಅಥವಾ ಅಯಸ್ಕಾಂತ ತಾಗಿರಬೇಕು. ಡಿಮ್ಯಾಗ್ನೆಟೈಸರ್ ಮೊದಲು ಬಳಸಿ, ಬಿಚ್ಚುವುದು ಆಮೇಲೆ. ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ಇರುವ ವ್ಯತ್ಯಾಸ) 2 ಮಿಲಿಸೆಕೆಂಡಿನೊಳಗಿದ್ದು, ಸ್ಟಡ್ ಹೋಲ್ಡರ್ (ಹೇರ್‌ಸ್ಪ್ರಿಂಗ್‌ನ ಹೊರತುದಿ ಹಿಡಿಯುವ ಭಾಗ) ತಿರುಗದ ಮಾದರಿಯಾಗಿದ್ದರೆ ನಾನು ಕೈಹಾಕುವುದಿಲ್ಲ. ಒಳತುದಿ ಹಿಡಿಯುವ ಕಾಲೆಟ್ ತಿರುಗಿಸಹೋಗಿ ಹೇರ್‌ಸ್ಪ್ರಿಂಗ್ ಕೆಡುವ ಅಪಾಯ ಹೆಚ್ಚು.

ಸಂಗ್ರಹಕ್ಕೆ ಕೊಳ್ಳುವಾಗ ಡಯಲನ್ನು ಲೆನ್ಸ್‌ನಲ್ಲಿ ನೋಡಿ. ಹೊಸ ಬಣ್ಣ ಬಳಿದದ್ದರಲ್ಲಿ ಅಕ್ಷರಗಳ ಅಂಚು ದಪ್ಪಗಿರುತ್ತದೆ, ನಿಮಿಷದ ಗೀಟು ಗುರುತಿನ ಜೊತೆ ಸರಿಹೊಂದುವುದಿಲ್ಲ. ಸ್ಕ್ರೂಗಳ ಸೀಳು ಕಿತ್ತುಹೋಗಿದ್ದರೆ ಒಳಗೆ ಒರಟು ಕೈ ಆಡಿದೆ. ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ್ದರಿಂದ ಬಿಡಿಭಾಗ ಈಗ ಹಳೆಯ ರಿಪೇರಿ ಅಂಗಡಿಗಳ ಡ್ರಾಯರಿನಿಂದಲೇ ಬರಬೇಕು. ನಿಂತುಹೋದ 0231 ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ, ಒಂದು ಸರಿಯಾದ ಬ್ಯಾಲೆನ್ಸ್ ಸಿಕ್ಕರೂ ಕೊಟ್ಟ ಹಣ ಹುಟ್ಟಿತು.

ನೆನೆದ ವಾಚನ್ನು ಅಕ್ಕಿ ಡಬ್ಬದಲ್ಲಿ ಹೂತಿಡುವ ಅಭ್ಯಾಸ ಬೇಡ. ಒಳಗಿನ ನೀರು ಅಲ್ಲೇ ಉಳಿಯುತ್ತದೆ, ಅಕ್ಕಿಯ ಧೂಳು ಸೇರುತ್ತದೆ. ಅದೇ ದಿನ ಮುಚ್ಚಳ ಬಿಚ್ಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಚುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಹದಿನೈದು ದಿನಕ್ಕೊಮ್ಮೆ ಪೊಟ್ಟಣ ಬದಲಿಸುತ್ತೇನೆ. ಅದೇ ದಿನ ಎಲ್ಲಕ್ಕೂ ಹತ್ತು ಸುತ್ತು ಕೀ ಕೊಡುತ್ತೇನೆ.